ನಾಲ್ಕೂ ಕಾಲಿಗೆ ಸಾಯುವ ತಂತಿ

ಐದು ಹಸಿರು ದೀಪಗಳೂ ಒಂದೇ ಸಲ ಆರಿದವು.

ಸಾರ್ವಿ ಮನೆಯ ನೆಲಮಾಳಿಗೆಯಲ್ಲಿ, ಸೌತೆಕಾಯಿ ಉಪ್ಪಿನಕಾಯಿಯ ಜಾಡಿಗಳ ಮುಂದೆ ಮೊಣಕಾಲೂರಿ ಕೂತಿದ್ದ ನಾನು ಕೈಗಡಿಯಾರ ನೋಡಿಕೊಂಡೆ. ನಾಲ್ಕು ಗಂಟೆ ಹದಿನೈದು ನಿಮಿಷ. ಒಂದು ನಿಮಿಷ ಹೆಚ್ಚಿಲ್ಲ, ಕಡಿಮೆಯಿಲ್ಲ.

"ಸಿಕ್ಕಿಬಿದ್ದೆಯಲ್ಲ ಮುಂಡೇದೇ," ಎಂದೆ, ಹಲಗೆಯ ಮೇಲಿದ್ದ ಆ ಪುಟ್ಟ ಡಬ್ಬಿಗೆ.

ಸತತ ಐದು ಬುಧವಾರ ಸರಿಯಾಗಿ ಈ ಹೊತ್ತಿಗೇ ವೆಂಡೆಲ್ ಸಾರ್ವಿಯ ಕಂಪ್ಯೂಟರಿಗೆ ಇಂಟರ್ನೆಟ್ ಕಡಿದುಹೋಗಿತ್ತು. ಐದು ಸಲವೂ ಅವನ ಎಂಟು ವರ್ಷದ ಮಗಳು ಟೆಸ್ಸಾ ಮಾತಿನ ಮಧ್ಯದಲ್ಲೇ ಪರದೆಯಿಂದ ಮಾಯವಾಗಿದ್ದಳು.

ಹೋದ ವರ್ಷ ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದವನು ವೆಂಡೆಲ್. ಹೆಂಡತಿ ಮಗಳನ್ನು ಕರೆದುಕೊಂಡು ಬೆಮಿಡ್ಜಿ ಪಟ್ಟಣಕ್ಕೆ ಹೋದಳು. ಈಗ ಹನ್ನೊಂದು ತಿಂಗಳಿಂದ ಅವನು ಒಂದು ತೊಟ್ಟೂ ಮುಟ್ಟಿಲ್ಲ. ಆದರೂ ಕೋರ್ಟು ಅವನಿಗೆ ಕೊಟ್ಟದ್ದು ವಾರಕ್ಕೊಂದು ಗಂಟೆ, ಬುಧವಾರ ನಾಲ್ಕರಿಂದ ಐದು, ಅದೂ ಪರದೆಯ ಮೇಲೆ. ಪರದೆಯ ಇನ್ನೊಂದು ಮೂಲೆಯಲ್ಲಿ ಕೋರ್ಟಿನ ಕಡೆಯ ಹೆಂಗಸೊಬ್ಬಳು ಕೂತು ಎಲ್ಲವನ್ನೂ ಬರೆದುಕೊಳ್ಳುತ್ತಾಳೆ. ಅರ್ಧ ಗಂಟೆಗಿಂತ ಮೊದಲೇ ನಿಂತುಹೋದರೆ ಅದು ಭೇಟಿಯೇ ಅಲ್ಲ.

ಸೋಮವಾರ ಜಡ್ಜ್ ಮುಂದೆ ಹಾಜರಾಗಬೇಕು. ಐದು ಭೇಟಿ ತಪ್ಪಿಸಿದ ಅಪ್ಪ ಎಂದು ತೀರ್ಮಾನವಾದರೆ ಆ ಒಂದು ಗಂಟೆಯೂ ಹೋಯಿತು. ತಪ್ಪು ತಂತಿಯದು ಎಂದು ಬಲ್ಲವರು ಬರೆದುಕೊಟ್ಟರೆ ಮಾತ್ರ ಉಳಿಯುತ್ತದೆ.

ಆ ಬಲ್ಲವಳು ನಾನು, ಆರ್ಲಿಸ್ ಹೌಟಾಲ. ಮೂವತ್ತೊಂದು ವರ್ಷ ಟೆಲಿಫೋನ್ ಕಂಪನಿಗಾಗಿ ಹಿಮದಲ್ಲಿ ಕಂಬ ಹತ್ತಿದವಳು. ಈಗ ಅರವತ್ತಮೂರರಲ್ಲಿ ಊರವರ ಕಂಪ್ಯೂಟರುಗಳ ಹೊಟ್ಟೆ ಬಿಚ್ಚುತ್ತೇನೆ. ನಮ್ಮೂರು ಟ್ಯಾಮರಾಕಿನಲ್ಲಿ ನನ್ನ ಮಾತಿಗೆ ಬೆಲೆಯಿದೆ. ನಾಲಿಗೆಗೆ ಮಾತ್ರ ಹೆಸರು ಚೆನ್ನಾಗಿಲ್ಲ.

ಮಧ್ಯಾಹ್ನ ಒಂದು ಗಂಟೆಯಿಂದ ನಾನು ಒಂದೊಂದನ್ನೇ ಅನುಮಾನಿಸುತ್ತ ಬಂದಿದ್ದೆ. ಈ ಮನೆಯ ದಾರಿ ಸರಳ. ಮೋಡೆಮ್ ಅಡುಗೆಮನೆಯಲ್ಲಿದೆ. ಅಲ್ಲಿಂದೊಂದು ಕೇಬಲ್ ನೆಲಮಾಳಿಗೆಗೆ ಇಳಿದು ಈ ಡಬ್ಬಿಗೆ ಬರುತ್ತದೆ. ಡಬ್ಬಿಯಿಂದ ಇನ್ನೊಂದು ಕೇಬಲ್ ಹಿಂದಿನ ಕೋಣೆಯ ಕಂಪ್ಯೂಟರಿಗೆ ಹತ್ತುತ್ತದೆ. ಈ ಕಡೆ ಕಾಡಿನೊಳಗೆ ಮೊಬೈಲ್ ಸಿಗ್ನಲ್ ಇಲ್ಲ, ಆದ್ದರಿಂದ ಆ ತಂತಿಯೇ ಗತಿ.

ಮೊದಲು ಕಂಪ್ಯೂಟರಿನ ಹಿಂದಿನ ಚಿಕ್ಕ ಕೇಬಲ್ ಬದಲಿಸಿದೆ. ಅದರೊಳಗಿನ ನೆಟ್ವರ್ಕ್ ಕಾರ್ಡು ನೋಡಿದೆ, ಸರಿಯಿತ್ತು. ಕರೆಂಟು ಉಳಿಸಲೆಂದು ಕಾರ್ಡನ್ನು ನಿದ್ದೆಗೆ ಕಳಿಸುವ ಸೆಟ್ಟಿಂಗ್ ಒಂದಿರುತ್ತದೆ, ಅದನ್ನೂ ತೆಗೆದೆ. ಮೋಡೆಮಿನ ದಿನಚರಿ ಓದಿದೆ. ಐವತ್ತು ದಿನದಿಂದ ಅದು ಒಂದು ಕ್ಷಣವೂ ಕಣ್ಣು ಮುಚ್ಚಿರಲಿಲ್ಲ. ಉದ್ದ ಕೇಬಲಿಗೆ ಟೆಸ್ಟರ್ ಹಚ್ಚಿದೆ. ಅರವತ್ತೆರಡು ಅಡಿ, ಎಂಟಕ್ಕೆ ಎಂಟೂ ಎಳೆ ಗಟ್ಟಿ.

ಎರಡೂವರೆಗೆಲ್ಲ ಎಲ್ಲವೂ ಆರೋಗ್ಯವಾಗಿತ್ತು. ನನ್ನ ಅನುಮಾನ ಹುಟ್ಟಿದ್ದೇ ಆಗ. ಹಳೆಯ ಕೇಬಲಿಗೆ ಗಡಿಯಾರ ಓದಲು ಬರುವುದಿಲ್ಲ. ಪ್ರತಿ ಸಲವೂ ನಾಲ್ಕೂ ಕಾಲಿಗೇ ಸಾಯುತ್ತದೆ ಎಂದರೆ ಅದನ್ನು ಯಾರೋ ಸಾಯಿಸುತ್ತಿದ್ದಾರೆ.

ಆದ್ದರಿಂದ ಡಬ್ಬಿಯ ಮುಂದೆ ಕಾದು ಕೂತಿದ್ದೆ. ಇವತ್ತು ಗುರುವಾರ, ಯಾವ ಭೇಟಿಯೂ ಇಲ್ಲ. ಆದರೂ ಸತ್ತಿತು.

ಒಂದು ದೀಪ ಮಾತ್ರ ಆರಿದ್ದರೆ ಕೇಬಲ್ಲು ಎನ್ನಬಹುದಿತ್ತು. ಐದೂ ಒಟ್ಟಿಗೆ ಆರಿದರೆ ಅದು ಕರೆಂಟಿನ ಕಥೆ.

ಡಬ್ಬಿಯ ಕರೆಂಟು ವಯರನ್ನು ಬೆರಳಲ್ಲಿ ಹಿಡಿದುಕೊಂಡು ಹೊರಟೆ. ಅದು ಜಾಡಿಗಳ ಹಿಂದೆ ಹೋಯಿತು, ತೊಲೆ ಹತ್ತಿತು, ಸೌದೆ ರಾಶಿಯ ಹಿಂದೆ ಇಳಿಯಿತು. ಬರ್ಚ್ ಸೌದೆಯನ್ನು ಒಂದೊಂದಾಗಿ ಸರಿಸಿದೆ. ಗೋಡೆಯ ಸಾಕೆಟ್ಟಿಗೂ ವಯರಿಗೂ ನಡುವೆ ದಪ್ಪನೆಯದೊಂದು ಟೈಮರ್ ಕೂತಿತ್ತು.

ಗಾಡಿಯ ಇಂಜಿನ್ ಬಿಸಿಮಾಡುವ ಟೈಮರ್. ನಮ್ಮಲ್ಲಿ ಅದಿಲ್ಲದ ಗ್ಯಾರೇಜಿಲ್ಲ. ಜನವರಿಯಲ್ಲಿ ಬೆಳಗಿನ ಜಾವವೇ ಇಂಜಿನಿಗೆ ಬಿಸಿ ಮುಟ್ಟಿಸದಿದ್ದರೆ ಗಾಡಿ ಕೆಮ್ಮುವುದೂ ಇಲ್ಲ. ಆದರೆ ಇಂಟರ್ನೆಟ್ ಡಬ್ಬಿಗೆ ಯಾರು ಟೈಮರ್ ಹಾಕುತ್ತಾರೆ?

ಟಾರ್ಚ್ ಬಿಟ್ಟೆ. ದುಂಡನೆಯ ತಟ್ಟೆ, ಅದರ ಸುತ್ತ ಕಾಲು ಗಂಟೆಗೊಂದರಂತೆ ಸಣ್ಣ ಹಲ್ಲುಗಳು. ಮೂರೇ ಮೂರು ಹಲ್ಲು ಎತ್ತಿದ್ದವು. ಹಲ್ಲು ಎತ್ತಿದಷ್ಟು ಹೊತ್ತು ಕರೆಂಟು ಕಡಿದಿರುತ್ತದೆ: ನಾಲ್ಕೂ ಕಾಲಿನಿಂದ ಐದು ಗಂಟೆಯವರೆಗೆ.

ಮೊದಲು ಫೋಟೋ ತೆಗೆದುಕೊಂಡೆ. ಆಮೇಲೆ ಟೈಮರನ್ನು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡು, ಡಬ್ಬಿಯ ವಯರನ್ನು ನೇರವಾಗಿ ಗೋಡೆಗೆ ಚುಚ್ಚಿದೆ. ಹಸಿರು ದೀಪಗಳು ಮತ್ತೆ ಹತ್ತಿಕೊಂಡವು.

ಎದ್ದು ಹೊರಡಬೇಕಿತ್ತು. ಆದರೆ ತಟ್ಟೆಯ ಮೇಲೆ ಕಂಡದ್ದು ನನ್ನನ್ನು ಅಲ್ಲೇ ನಿಲ್ಲಿಸಿತು.

ತಟ್ಟೆ ತೋರಿಸುತ್ತಿದ್ದ ಗಂಟೆ ಸರಿಯಾಗಿತ್ತು!

ಇದರಲ್ಲೇನು ವಿಶೇಷ ಎನ್ನಬಹುದು. ಮೊನ್ನೆ ಭಾನುವಾರ ಇಡೀ ದೇಶ ತನ್ನ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದೆ, ಪ್ರತಿ ನವೆಂಬರಿನಲ್ಲಿ ಚಳಿಗಾಲಕ್ಕೆಂದು ಮಾಡುವ ಹಾಗೆ. ಈ ಟೈಮರಿಗೆ ಅದನ್ನು ಹೇಳುವವರಾರು? ಅದು ತನ್ನಷ್ಟಕ್ಕೆ ಸುತ್ತುವ ತಟ್ಟೆ. ಅಕ್ಟೋಬರಿನಲ್ಲಿ ಹಾಕಿಟ್ಟು ಮರೆತದ್ದಾದರೆ ಈ ವಾರ ಮೂರೂ ಕಾಲಿಗೇ ಆರಬೇಕಿತ್ತು.

ಅಂದರೆ ಭಾನುವಾರದ ಮೇಲೆ, ನಿನ್ನೆ ಬುಧವಾರದ ಭೇಟಿಗೆ ಮುಂಚೆ, ಯಾರೋ ಇಲ್ಲಿಗೆ ಇಳಿದು ಕೈಯಾರೆ ತಟ್ಟೆ ತಿರುಗಿಸಿದ್ದಾರೆ.

ಯಾರು?

ನನ್ನ ಪಟ್ಟಿಯಲ್ಲಿ ಮೊದಲ ಹೆಸರು ರಾಯ್ಸ್ ಬೆಲಾಂಜೆ. ವೆಂಡೆಲ್‌ನ ಬಿಟ್ಟುಹೋದ ಹೆಂಡತಿಯ ಅಣ್ಣ, ಅರ್ಧ ಮೈಲಿ ಆಚೆ ಮನೆ. ತಂಗಿಯ ಗಂಡನ ಹೆಸರೆತ್ತಿದರೆ ಉಗುಳುವವನು. ಇಲ್ಲಿ ಯಾರೂ ಬಾಗಿಲಿಗೆ ಬೀಗ ಹಾಕುವುದಿಲ್ಲ, ಹಿತ್ತಲಿಂದ ನೆಲಮಾಳಿಗೆಗೆ ಇಳಿಯುವ ಬಾಗಿಲಿಗೂ ಇಲ್ಲ, ಬರುವುದು ಕಷ್ಟವಲ್ಲ. ಆದರೆ ಶನಿವಾರ ಜಿಂಕೆ ಬೇಟೆ ಶುರುವಾಯಿತು. ರಾಯ್ಸ್ ಶುಕ್ರವಾರವೇ ಬೇಟೆಯ ಬಿಡಾರಕ್ಕೆ ಹೋದವನು ಇನ್ನೂ ಬಂದಿಲ್ಲ. ಅವನ ಜೊತೆ ಬಿಡಾರದಲ್ಲಿರುವ ಐವರಲ್ಲಿ ನನ್ನ ತಮ್ಮನೂ ಒಬ್ಬ.

ವೆಂಡೆಲ್? ಐದು ಸಲವೂ ತಂತಿ ಕಡಿದಾಗ ಅವನು ಕ್ಯಾಮೆರಾದ ಎದುರು ಕೂತಿದ್ದ, ಎರಡು ಕೈಯೂ ಮೇಜಿನ ಮೇಲೆ. ಕೋರ್ಟಿನ ಹೆಂಗಸೇ ಹಾಗೆ ಬರೆದಿದ್ದಾಳೆ. ಮೇಲಾಗಿ, ಮಗಳನ್ನು ಕಳೆದುಕೊಳ್ಳುವವನು ಅವನೇ. ತನ್ನ ಕುತ್ತಿಗೆಯನ್ನು ತಾನೇ ಯಾರು ಕೊಯ್ದುಕೊಳ್ಳುತ್ತಾರೆ?

ಉಳಿದದ್ದು ಒಂದೇ ಹೆಸರು. ಟೈಮರನ್ನು ಜೇಬಿಂದ ತೆಗೆದು ಮತ್ತೆ ಬೆಳಕಿಗೆ ಹಿಡಿದೆ. ಹಲ್ಲುಗಳ ಸಂದಿಯಲ್ಲಿ ಬೆಳ್ಳಗೆ ಏನೋ ಒಣಗಿತ್ತು. ಉಗುರಿನಿಂದ ಕೆರೆದು ಮೂಸಿದೆ.

ಹಿಟ್ಟು. ಏಲಕ್ಕಿ ಹಾಕಿ ನಾದಿದ ಬ್ರೆಡ್ಡಿನ ಹಿಟ್ಟು.

ಮೇಲೆ ಅಡುಗೆಮನೆಯಿಂದ ಅದೇ ಏಲಕ್ಕಿಯ ವಾಸನೆ ಬರುತ್ತಿತ್ತು.

ಲವಾನ್ ಸಾರ್ವಿ, ಇದೇ ಮನೆಯಲ್ಲಿರುವ ವೆಂಡೆಲ್‌ನ ಅಮ್ಮ, ನನಗೆ ನಲವತ್ತು ವರ್ಷದ ಪರಿಚಯ. ನನ್ನ ಗಂಡ ತೀರಿಹೋದಾಗ ಹನ್ನೆರಡು ದಿನ ನನಗೆ ಊಟ ತಂದುಕೊಟ್ಟವಳು. ಅನುಮಾನಕ್ಕೆ ನಾಚಿಕೆಯಿಲ್ಲ ನೋಡಿ, ಅದು ಉಂಡ ಮನೆಯನ್ನೂ ಬಿಡುವುದಿಲ್ಲ.

ಮೆಟ್ಟಿಲು ಹತ್ತಿ ಮೇಲೆ ಬಂದೆ. ಲವಾನ್ ಒಲೆಯಿಂದ ಹೆಣೆದ ಬ್ರೆಡ್ಡುಗಳನ್ನು ತೆಗೆದಿಡುತ್ತಿದ್ದಳು. ಗೋಡೆಯ ಫೋನು ಹೊಡೆದುಕೊಂಡಿತು. ಅವಳೇ ಎತ್ತಿದಳು.

"ನಿಂಗೇ ಕಣೇ. ವೆಂಡೆಲ್, ಮಿಲ್ಲಿಂದ."

ರಿಸೀವರಿನಲ್ಲಿ ಕಾಗದದ ಯಂತ್ರಗಳ ಗುಡುಗು. ಅದರ ಮೇಲೆ ಅವನ ಕೂಗು.

"ಆರ್ಲಿಸ್, ಬರೆದಾಯ್ತಾ ಚೀಟಿ?"

"ಇನ್ನೂ ಇಲ್ಲ."

"ಅಯ್ಯೋ, ಒಂದು ಗಂಟೆಗೆ ಬಂದಿದೀಯ, ಇನ್ನೂ ಏನ್ ನೋಡ್ತಿದೀಯ? ಕೇಬಲ್ ಹಳೇದಾಗಿತ್ತು, ಇಲಿ ಕಡಿದಿತ್ತು ಅಂತ ನಾಲ್ಕು ಸಾಲು ಗೀಚು. ಸೋಮವಾರಕ್ಕೆ ಅಷ್ಟು ಸಾಕು."

"ಇಲಿ ಕಡಿದಿಲ್ಲ ವೆಂಡೆಲ್."

"ಇಲಿಯೋ ಹೆಗ್ಗಣವೋ, ಜಡ್ಜಿಗೇನು ಗೊತ್ತಾಗುತ್ತೆ? ನೀನು ಬರೆದ್ರೆ ನಂಬ್ತಾರೆ. ಊರಲ್ಲಿ ಎಲ್ರಿಗೂ ಗೊತ್ತು, ಆರ್ಲಿಸ್ ಸುಳ್ಳು ಬರಿಯಲ್ಲ ಅಂತ."

"ಅದಕ್ಕೇ ಬರೆದಿಲ್ಲ."

ಅವನ ದನಿ ಸ್ವಲ್ಪ ಇಳಿಯಿತು.

"ನೆಲಮಾಳಿಗೆಗೆ ಇಳಿದ್ಯಾ?"

"ಯಾಕೆ?"

"ಸುಮ್ನೆ ಕೇಳ್ದೆ. ಆ ಮೆಟ್ಟಿಲು ಜಾರುತ್ತೆ. ನಿನ್ ವಯಸ್ಸಿಗೆ ಅದೆಲ್ಲ ಬೇಡ."

"ನನ್ ವಯಸ್ಸಿನ ಯೋಚನೆ ನಿಂಗೆ ಬೇಡ. ನಿನ್ ಕೆಲಸ ನೋಡ್ಕೋ," ಎಂದು ಇಟ್ಟೆ.

ಪಾಪ, ಹೆದರಿದ್ದಾನೆ ಎಂದುಕೊಂಡೆ. ಮಗಳು ಕೈ ತಪ್ಪುತ್ತಾಳೆ ಎಂದಾಗ ಯಾವ ಅಪ್ಪ ಹೆದರುವುದಿಲ್ಲ? ನನ್ನ ಕನಿಕರವೆಲ್ಲ ಅವನ ಕಡೆಗೇ ಹರಿಯಿತು, ಸಿಟ್ಟೆಲ್ಲ ಎದುರಿಗೆ ನಿಂತಿದ್ದ ಅವನ ಅಮ್ಮನ ಕಡೆಗೆ.

"ಕೂತ್ಕೊಳ್ಳೇ, ಕಾಫಿ ಹಾಕ್ತೀನಿ," ಎಂದಳು ಲವಾನ್.

"ಬೇಡ."

"ಬಿಸಿ ಇದೆ."

"ಬೇಡ ಅಂದ್ನಲ್ಲ."

"ಒಂದೇ ಒಂದು ಲೋಟ ಕಣೇ."

ನಮ್ಮ ಕಡೆ ಮೂರನೆಯ ಸಲಕ್ಕೆ ಒಪ್ಪಿಕೊಳ್ಳಬೇಕು, ಅದು ಮರ್ಯಾದೆ. ನಾನು ಮೂರನೆಯ ಸಲವೂ ಬೇಡ ಎಂದೆ. ಲವಾನ್ ಕೈಯಲ್ಲಿದ್ದ ಹೂಜಿಯನ್ನು ಕೆಳಗಿಟ್ಟು ನನ್ನ ಮುಖ ನೋಡಿದಳು.

"ಏನಾಗಿದೆ ನಿಂಗೆ?"

ಜೇಬಿನಿಂದ ಟೈಮರ್ ತೆಗೆದು ಮೇಜಿನ ಮೇಲೆ, ಬಿಸಿ ಬ್ರೆಡ್ಡಿನ ಪಕ್ಕದಲ್ಲಿ ಕುಕ್ಕಿದೆ.

"ಇದೇನು ಹೇಳು."

"ಟೈಮರು."

"ಅದು ನನಗೂ ಗೊತ್ತು. ನಿಮ್ಮನೆ ಸೌದೆ ರಾಶಿ ಹಿಂದೆ ಏನ್ ಮಾಡ್ತಿತ್ತು?"

"ಆ ಡಬ್ಬಿಗೆ ಹಾಕಿದ್ದಲ್ವಾ? ಯಾಕೆ ಕಿತ್ತೆ ಅದನ್ನ?"

ಒಂದು ಚೂರೂ ತಡವರಿಸಲಿಲ್ಲ! ನನಗೆ ಮೈಯೆಲ್ಲ ಉರಿಯಿತು.

"ಇದರ ತಟ್ಟೆ ತಿರುಗಿಸಿದ್ದು ಯಾರು ಲವಾನ್?"

"ನಾನು."

"ಯಾವಾಗ?"

"ಸೋಮವಾರ ಬೆಳಿಗ್ಗೆ. ಬ್ರೆಡ್ಡಿಗೆ ನಾದಿ ಇಟ್ಟು ಕೆಳಗೆ ಹೋಗಿದ್ದೆ. ಯಾಕೆ ಪೊಲೀಸರ ಹಾಗೆ ಕೇಳ್ತಿದೀಯ?"

"ಹೋದ ತಿಂಗಳು ಚರ್ಚಿನ ಅಡುಗೆಮನೇಲಿ ನಿಂತ್ಕೊಂಡು ನಂಗೇನಂದೆ? 'ಆ ಬುಧವಾರಗಳು ನನ್ ಮಗನನ್ನ ತಿಂದು ಹಾಕ್ತಿವೆ' ಅಂದೆ. ಪ್ರತಿ ಸಲ ಮಗು ಮುಖ ನೋಡಿದ್ಮೇಲೆ ಎರಡು ದಿನ ಊಟ ಬಿಡ್ತಾನೆ, ಮತ್ತೆ ಬಾಟ್ಲಿ ಹಿಡೀತಾನೋ ಅಂತ ಭಯ ಆಗುತ್ತೆ ಅಂದೆ. ಅಂದ್ಯೋ ಇಲ್ವೋ?"

"ಅಂದೆ. ಅದಕ್ಕೆ?"

"ಅದಕ್ಕೆ ನೀನೇ ಕತ್ತರಿಸಿದೆ. ಹಾವೂ ಸಾಯಬೇಕು ಕೋಲೂ ಮುರೀಬಾರ್ದು. ತಂತಿ ಸರಿಯಿಲ್ಲ ಅಂದ್ರೆ ಯಾರ ಮೇಲೂ ತಪ್ಪಿಲ್ಲ. ಆದ್ರೆ ಸೋಮವಾರ ಅವನು ಮಗಳನ್ನೇ ಕಳ್ಕೋತಾನೆ, ಅದು ಯೋಚನೆ ಮಾಡಿದ್ಯಾ?"

ಲವಾನ್ ಕುರ್ಚಿ ಎಳೆದು ಕೂತಳು. ಮುಖ ಬಿಳಿಚಿತ್ತು. ಆದರೆ ಕಣ್ಣಲ್ಲಿದ್ದದ್ದು ಹೆದರಿಕೆಯಲ್ಲ, ಸಿಟ್ಟು.

"ಬಾಯಿ ಮುಚ್ಚು ಆರ್ಲಿಸ್. ಪ್ರತಿ ಬುಧವಾರ ಕೊನೇ ಹತ್ತು ನಿಮಿಷ ಯಾರದ್ದು ಗೊತ್ತಾ? ನನ್ದು. ಕೋರ್ಟಿನ ಕಾಗದದಲ್ಲೇ ಬರೆದಿದೆ, ಅಜ್ಜಿಗೆ ಹತ್ತು ನಿಮಿಷ ಅಂತ. ಐದು ವಾರದಿಂದ ತಲೆ ಬಾಚ್ಕೊಂಡು, ಒಳ್ಳೇ ಸ್ವೆಟರ್ ಹಾಕ್ಕೊಂಡು ಈ ಕುರ್ಚಿ ಮೇಲೆ ಕಾಯ್ತೀನಿ. ಐದು ವಾರದಿಂದ ನನ್ ಪಾಳಿ ಬಂದೇ ಇಲ್ಲ. ನಾನು ಕತ್ತರಿಸ್ತೀನಾ? ಹೇಳೋಕೆ ನಾಚ್ಕೆ ಆಗಲ್ವಾ ನಿಂಗೆ?"

"ಹಾಗಿದ್ರೆ ತಟ್ಟೆ ಯಾಕೆ ಮುಟ್ಟಿದೆ?"

"ಗಂಟೆ ಬದಲಾಯ್ತಲ್ಲೇ! ಗೋಡೆ ಗಡಿಯಾರ, ಒಲೆ ಗಡಿಯಾರ, ಗಾಡಿದು, ಗ್ಯಾರೇಜಿನ ಟೈಮರು, ಕೆಳಗಿನ ಟೈಮರು. ವರ್ಷಕ್ಕೆ ಎರಡು ಸಲ ಇದೇ ಗೋಳು. ಅದೊಂದು ಹಿಂದಕ್ಕೆ ತಿರುಗಲ್ಲ, ಗೊತ್ತಾ? ಒಂದು ಗಂಟೆ ಹಿಂದೆ ಹೋಗೋಕೆ ಇಪ್ಪತ್ತಮೂರು ಗಂಟೆ ಮುಂದಕ್ಕೆ ತಿರುಗಿಸ್ಬೇಕು. ಬೆರಳೆಲ್ಲ ನೋವು."

ಹೌದಲ್ಲ! ಭಾನುವಾರ ನನ್ನ ಮನೆಯಲ್ಲೂ ಒಂಬತ್ತು ಗಡಿಯಾರ ತಿರುಗಿಸಿದ್ದೆ. ಅದರಲ್ಲಿ ಎರಡು ಯಾವುದಕ್ಕೆಂದು ಈಗಲೂ ನನಗೆ ನೆನಪಿಲ್ಲ. ಕಂಡದ್ದನ್ನೆಲ್ಲ ತಿರುಗಿಸುವುದು ನಮ್ಮವರ ಜಾಯಮಾನ. ಮೂವತ್ತೊಂದು ವರ್ಷದ ಅನುಭವ, ಫೋಟೋ, ಹಿಟ್ಟು, ಬೇಟೆಯ ಬಿಡಾರ, ಎಲ್ಲ ಸೇರಿಸಿ ನಾನು ಹಿಡಿದದ್ದು ಗಡಿಯಾರ ಸರಿಮಾಡಿದ ಒಬ್ಬ ಅಜ್ಜಿಯನ್ನು. ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತು.

ಆಮೇಲೆ ಹೊಳೆದದ್ದು ಇನ್ನೂ ಕೆಟ್ಟದಾಗಿತ್ತು. ಅದನ್ನು ಹೇಳದೆ ಇರಬಹುದಿತ್ತು. ನನ್ನ ನಾಲಿಗೆ ಕೇಳಲಿಲ್ಲ.

"ಲವಾನ್, ನೀನು ಅದನ್ನ ಮುಟ್ಟದೇ ಇದ್ದಿದ್ರೆ ನಿನ್ನೆ ಮೂರೂ ಕಾಲಿಗೇ ಆರಿ ನಾಲ್ಕಕ್ಕೆ ಹತ್ತಿಕೊಳ್ತಿತ್ತು. ನಿನ್ನೆ ಭೇಟಿ ಪೂರ್ತಿ ಆಗ್ತಿತ್ತು."

ಅವಳು ತನ್ನ ಬೆರಳುಗಳನ್ನು ನೋಡಿಕೊಂಡಳು.

"ನನ್ ಕೈಯಿಂದಲೇ ಆಯ್ತಾ?" ಎಂದಳು. ಕಣ್ಣು ತುಂಬಿ ಹರಿಯಿತು. ಒರೆಸಿಕೊಳ್ಳಲೂ ಇಲ್ಲ.

ನಾನು ಪಕ್ಕದಲ್ಲಿ ಕೂತು ಭುಜ ಹಿಡಿದೆ. "ತಪ್ಪಾಯ್ತು ಕಣೇ. ಕ್ಷಮಿಸು. ನಿನ್ನ ಮೇಲೆ ಅನುಮಾನ ಪಟ್ಟಿದ್ದಕ್ಕೆ ನನ್ ನಾಲಿಗೆಗೆ ಬರೆ ಹಾಕ್ಬೇಕು."

"ಹಾಕು. ಮೊದಲು ಕಾಫಿ ಕುಡಿ."

ಕುಡಿದೆ. ಅರ್ಧ ಲೋಟ ಮುಗಿಯುವಷ್ಟರಲ್ಲಿ, ಮೊದಲೇ ಕೇಳಬೇಕಾಗಿದ್ದ ಪ್ರಶ್ನೆ ನೆನಪಾಯಿತು.

"ಸರಿ, ಗಂಟೆ ಸರಿಮಾಡಿದ್ದು ನೀನು. ಟೈಮರನ್ನ ಅಲ್ಲಿ ಇಟ್ಟಿದ್ದು ಯಾರು? ಅದು ಅಲ್ಲಿದೆ ಅಂತ ನಿಂಗೆ ಹೇಗೆ ಗೊತ್ತಾಯ್ತು?"

"ವೆಂಡೆಲ್ ಹೇಳ್ದ."

"ವೆಂಡೆಲ್ಗೆ ಗೊತ್ತಿತ್ತಾ?"

"ಇದೇನು ಕೇಳ್ತೀಯ? ಅವನೇ ಹಾಕಿದ್ದು. ಅಕ್ಟೋಬರಲ್ಲಿ. ಡಬ್ಬಿ ಬಿಸಿಯಾಗುತ್ತೆ, ದಿನಕ್ಕೆ ಮುಕ್ಕಾಲು ಗಂಟೆ ತಣ್ಣಗಾಗ್ಬೇಕು ಅಂದ. 'ಗಂಟೆ ಬದಲಾದಾಗ ಇದನ್ನೂ ಮರೀಬೇಡಮ್ಮ' ಅಂತ ಅವನೇ ಹೇಳಿದ್ದ. ನಂಗೇನು ಗೊತ್ತು? ನಿನ್ ಹಾಗೆ ಕಂಬ ಹತ್ತಿದೋಳಾ ನಾನು?"

ಲೋಟ ಕೆಳಗಿಟ್ಟೆ.

ಎರಡು ಕೈಯೂ ಮೇಜಿನ ಮೇಲೆ, ಕೋರ್ಟಿನ ಹೆಂಗಸಿನ ಕಣ್ಣೆದುರು. ಇದಕ್ಕಿಂತ ಒಳ್ಳೆಯ ಸಾಕ್ಷಿ ಯಾರಿಗೆ ಸಿಗುತ್ತದೆ! ಕೈ ಅಲ್ಲಾಡಿಸದೆ ತಂತಿ ಕತ್ತರಿಸಲು ಅವನಿಗೆ ಬೇಕಾದದ್ದು ಟೈಮರೇ. ಕತ್ತರಿಸಿದ ಮೇಲೆ ತಪ್ಪು ತನ್ನದಲ್ಲ ಎನ್ನಲು ಬೇಕಾದದ್ದು ಒಂದು ಚೀಟಿ. ಚೀಟಿಗಾಗಿ ಕರೆದದ್ದು ಎಂದೂ ಸುಳ್ಳು ಬರೆಯದ ಆರ್ಲಿಸ್‌ಳನ್ನು.

ನನ್ನ ಹೆಸರನ್ನು ಉಪಯೋಗಿಸಿಕೊಳ್ಳಲು ನೋಡಿದ್ದ, ಆ ಪೋಕರಿ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಸಿಟ್ಟಿಗೆ ಕಿವಿ ಬಿಸಿಯಾಯಿತು. ಆದರೆ ಸಿಟ್ಟಿನ ಕೆಳಗೆ ಒಂದು ಪ್ರಶ್ನೆ ಚುಚ್ಚುತ್ತಲೇ ಇತ್ತು. ಮಗಳಿಗಾಗಿ ಹನ್ನೊಂದು ತಿಂಗಳು ಬಾಟ್ಲಿ ಬಿಟ್ಟವನು ಅವಳ ಮುಖವನ್ನೇ ಪರದೆಯಿಂದ ಯಾಕೆ ಅಳಿಸುತ್ತಾನೆ?

"ಲವಾನ್, ಕೊನೇ ಸಲ ಭೇಟಿ ತಂತಿ ಕಡಿಯದೆ ನಡೆದಿದ್ದು ಯಾವಾಗ?"

"ಅಕ್ಟೋಬರ್ ಮೊದಲ ಬುಧವಾರ. ಅವತ್ತೂ ನನ್ ಪಾಳಿ ಬರ್ಲಿಲ್ಲ. ಟೆಸ್ಸಾಗೆ ತಲೆನೋವು ಅಂತ ವೆಂಡೆಲ್ ಬೇಗ ಮುಗಿಸ್ದ."

ಹಿಂದಿನ ಕೋಣೆಯಲ್ಲಿ ಕಂಪ್ಯೂಟರ್ ರಿಂಗಾಗತೊಡಗಿತು.

ಇಬ್ಬರೂ ಎದ್ದು ಓಡಿದೆವು. ಪರದೆಯ ಮೇಲೆ ಟೆಸ್ಸಾಳ ಹೆಸರು ಮಿನುಗುತ್ತಿತ್ತು. ಲವಾನ್ ಮೌಸಿಗೆ ಕೈ ಹಾಕಿದಳು. ನಾನು ಆ ಕೈ ಹಿಡಿದೆ.

"ಮುಟ್ಬೇಡ. ಕೋರ್ಟಿನವಳಿಲ್ದೆ ಮಾತಾಡಿದ್ದು ಗೊತ್ತಾದ್ರೆ ಸೋಮವಾರ ಅದೇ ಮುಳುವಾಗುತ್ತೆ."

"ಮುಳುವಾಗ್ಲಿ! ಆರು ವಾರ ಆಯ್ತು ಆ ಮುಖ ನೋಡಿ," ಎಂದು ಕೈ ಕೊಸರಿಕೊಂಡು ಒತ್ತಿದಳು.

ಪರದೆ ತುಂಬ ಟೆಸ್ಸಾ. ಮುಂದಿನ ಎರಡು ಹಲ್ಲು ದೊಡ್ಡದಾಗಿ ಬಂದಿದ್ದವು. ತಲೆಯ ಮೇಲಿನ ಉಣ್ಣೆಯ ಟೋಪಿ ಇನ್ನೂ ತೆಗೆದಿರಲಿಲ್ಲ.

"ಅಜ್ಜೀ! ಇವತ್ತು ಕಾಲ್ ಹೋಯ್ತು!"

"ನನ್ ಬಂಗಾರಿ! ಟೋಪಿ ತೆಗಿ, ಮುಖ ನೋಡ್ತೀನಿ. ಅಮ್ಮ ಎಲ್ಲೇ?"

"ಇನ್ನೂ ಬಂದಿಲ್ಲ. ಐದಕ್ಕೆ ಬರ್ತಾಳೆ. ನಾನು ದಿನಾ ಸ್ಕೂಲಿಂದ ಬಂದು ಕಾಲ್ ಮಾಡ್ತೀನಿ ಅಜ್ಜಿ, ಹೋಗೋದೇ ಇಲ್ಲ. ಅಪ್ಪ ಇದಾರಾ?"

"ಕೆಲಸಕ್ಕೆ ಹೋಗಿದಾನೆ ಪುಟ್ಟಿ."

ಹುಡುಗಿಯ ಮುಖ ಸಣ್ಣದಾಯಿತು. "ಅಪ್ಪಂಗೆ ನನ್ ಮೇಲೆ ಕೋಪನಾ?"

"ಛೆ, ಛೆ. ಯಾಕೆ ಕೋಪ?"

"ಅವತ್ತು ನಾನು ಕೇಳ್ಬಿಟ್ನಲ್ಲ ಅದಕ್ಕೆ. ಆಮೇಲಿಂದ್ಲೇ ಹಿಂಗೆ ಕಟ್ ಆಗೋದು."

ಲವಾನ್ ನನ್ನ ಕಡೆ ನೋಡಿದಳು. ನಾನು ಬಗ್ಗಿ ಕ್ಯಾಮೆರಾಕ್ಕೆ ಮುಖ ಕೊಟ್ಟೆ.

"ಟೆಸ್ಸಾ, ನಾನು ಆರ್ಲಿಸ್, ನಿಮ್ಮಜ್ಜಿ ಸ್ನೇಹಿತೆ. ನೆನಪಿದೀನಾ? ಅವತ್ತು ಏನು ಕೇಳಿದೆ ಮರಿ?"

ಅವಳು ಹಿಂದಕ್ಕೊಮ್ಮೆ ತಿರುಗಿ ನೋಡಿದಳು, ಮನೆಯಲ್ಲಿ ಯಾರಿದ್ದಾರೋ ಎನ್ನುವ ಹಾಗೆ.

"ಆ ಬರ್ಕೊಳೋ ಆಂಟಿ ನೀರು ತರೋಕೆ ಎದ್ದೋಗಿದ್ರು. ಆಗ ಅಪ್ಪನ್ನ ಕೇಳ್ದೆ, ನಿನ್ ಹಿಂದೆ ಬಾಗ್ಲಲ್ಲಿ ನಿಂತಿರೋರು ಯಾರು ಅಂತ. ಅಪ್ಪಂಗೆ ಏನೋ ಆಗೋಯ್ತು. ಸಾಕು ಮುಗಿಸೋಣ ಅಂದ್ರು." ಪರದೆಯ ಹತ್ತಿರಕ್ಕೆ ಬಾಗಿದಳು. "ಅಪ್ಪಂಗೆ ಹೇಳಜ್ಜಿ, ನಾನು ಅಮ್ಮಂಗೂ ಹೇಳಿಲ್ಲ. ಪ್ರಾಮಿಸ್. ಯಾರ್ಗೂ ಹೇಳಿಲ್ಲ. ಇನ್ಮೇಲೆ ಕೇಳೋದೂ ಇಲ್ಲ. ಅಪ್ಪಂಗೆ ಫೋನ್ ಕಟ್ ಮಾಡ್ಬೇಡ ಅಂತ ಹೇಳು."

ಲವಾನ್ ಬಾಯಿಗೆ ಸೆರಗಿನಂತೆ ಅಡುಗೆಯ ಏಪ್ರನ್ ಒತ್ತಿಕೊಂಡಳು. ಐದು ವಾರದಿಂದ ಈ ಮಗು ತಂತಿ ಕಡಿದದ್ದನ್ನು ತನಗೆ ಕೊಟ್ಟ ಶಿಕ್ಷೆ ಎಂದುಕೊಂಡಿದೆ.

"ಯಾರು ನಿಂತಿದ್ರು ವೆಂಡೆಲ್ ಹಿಂದೆ?" ಎಂದು ಲವಾನ್ ನನ್ನ ಕಿವಿಯಲ್ಲಿ ಉಸುರಿದಳು. "ಈ ಮನೇಲಿ ನಾವಿಬ್ರೇ ಕಣೇ. ಅವತ್ತು ನಾನು ಒಲೆ ಮುಂದೆ ಇದ್ದೆ."

"ಟೆಸ್ಸಾ," ಎಂದೆ ಮೆಲ್ಲಗೆ, "ನಿನ್ ಮೇಲೆ ಯಾರಿಗೂ ಕೋಪ ಇಲ್ಲ. ನೀನೇನೂ ತಪ್ಪು ಮಾಡಿಲ್ಲ. ಅವರು ನೋಡೋಕೆ ಹೇಗಿದ್ರು, ಅಷ್ಟು ಹೇಳ್ತೀಯಾ?"

"ಅವ್ರು ಗೊತ್ತಿರೋರೇ. ನಮ್..."

ಬಾಯಿ ಅರ್ಧ ತೆರೆದಂತೆಯೇ ಅವಳ ಮುಖ ನಿಂತುಹೋಯಿತು. ಒಂದೆರಡು ಕ್ಷಣ ಕಾದೆ. ಚಿತ್ರ ಹೋಗಿ ಪರದೆ ಕಪ್ಪಾಯಿತು, ಕೆಳಗೊಂದು ಸಾಲು ಮೂಡಿತು: ಕೇಬಲ್ ಸಂಪರ್ಕವಿಲ್ಲ.

ಕಂಪ್ಯೂಟರಿನ ಹಿಂದಕ್ಕೆ ಬಗ್ಗಿ ನೋಡಿದೆ. ಕೇಬಲ್ ಗಟ್ಟಿಯಾಗಿಯೇ ಕೂತಿತ್ತು. ಕೋಣೆಯಲ್ಲಿ ದೀಪ ಉರಿಯುತ್ತಿತ್ತು, ಮನೆಯ ಕರೆಂಟು ಹೋಗಿರಲಿಲ್ಲ. ಟೈಮರ್ ಅಡುಗೆಮನೆಯ ಮೇಜಿನ ಮೇಲಿತ್ತು. ಡಬ್ಬಿಯ ವಯರನ್ನು ನೇರವಾಗಿ ಗೋಡೆಗೆ ಚುಚ್ಚಿ, ಅಲ್ಲಾಡಿಸಿ ನೋಡಿ ಬಂದವಳು ನಾನೇ. ಕೆಳಗೆ ಯಾರಾದರೂ ಕಿತ್ತರೆ ಮಾತ್ರ ಅದು ಆರಬೇಕು.

ವೆಂಡೆಲ್ ಹದಿನೆಂಟು ಮೈಲಿ ಆಚೆ ಮಿಲ್ಲಿನಲ್ಲಿದ್ದ. ಆ ಯಂತ್ರಗಳನ್ನು ನನ್ನ ಕಿವಿಯಾರೆ ಕೇಳಿದ್ದೆ.

ಲವಾನ್ ಏನೋ ಹೇಳಲು ಬಾಯಿ ತೆರೆದಳು. ಅವಳ ಬಾಯಿಗೆ ಕೈ ಅಡ್ಡ ಹಿಡಿದೆ.

ನೆಲಮಾಳಿಗೆಯಿಂದ ಮೇಲಕ್ಕೆ ಬರುವ ಮೊದಲ ಮೆಟ್ಟಿಲಿನ ಮೇಲೆ ಯಾರೋ ಕಾಲಿಟ್ಟರು.